ಅದಿರಿನ ನಾಡಿನ ಅರ್ಥಮಂತ್ರಿ

ಸಂಡೂರಿನ ಬೆಟ್ಟಗಳಿಗೆ ಬಹು ಹಿಂದಿನಿಂದಲೂ ಎರಡು ಬಗೆಯ ಜನ ಬರುತ್ತಿದ್ದಾರೆ. ಕುಮಾರಸ್ವಾಮಿಯ ದರ್ಶನಕ್ಕೆಂದು ಬರುವವರು ಒಂದು ಬಗೆ. ಮಣ್ಣಿನ ಬಣ್ಣ ನೋಡಿ ಲೆಕ್ಕ ಹಾಕುವವರು ಇನ್ನೊಂದು ಬಗೆ. ಮೊದಲಿನವರು ಪ್ರಸಾದ ಪಡೆದು ಹಿಂದಿರುಗುತ್ತಾರೆ; ಎರಡನೆಯವರು ಬೆಟ್ಟವನ್ನೇ ಹೊತ್ತು ಸಾಗಿಸುತ್ತಾರೆ. ಗಣಿಯ ಮನೆತನದಲ್ಲಿಯೇ ಬೆಳೆದು, ಹೀಗೆ ಹೊರಟುಹೋಗುವ ಸಂಪತ್ತಿನಲ್ಲಿ ಊರಿಗೆ ಉಳಿಯುವುದೆಷ್ಟು ಎಂಬ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಎದುರಿಸಬೇಕಾಗಿ ಬಂದ ರಾಜಕಾರಣಿಯೊಬ್ಬರು ಆ ಕಣಿವೆಯಲ್ಲಿದ್ದರು. ಅವರೇ ಎಂ. ವೈ. ಘೋರ್ಪಡೆ.

1931ರಲ್ಲಿ ಹುಟ್ಟಿದಾಗ ಅವರು ಪುಟ್ಟ ಸಂಸ್ಥಾನವೊಂದರ ರಾಜಕುಮಾರರು. ತಂದೆ ಯಶವಂತರಾವ್ ಘೋರ್ಪಡೆಯವರು 1932ರಲ್ಲಿ, ಅಂದು ಅಸ್ಪೃಶ್ಯರೆನಿಸಿದ್ದವರಿಗೆ ಕುಮಾರಸ್ವಾಮಿಯ ಗುಡಿಯ ಬಾಗಿಲನ್ನು ತೆರೆಸಿದರು. 1934ರಲ್ಲಿ ಗಾಂಧೀಜಿಯವರೇ ಸಂಡೂರಿಗೆ ಬಂದುಹೋದರು. 1949ರಲ್ಲಿ ಸಂಸ್ಥಾನ ವಿಲೀನವಾಯಿತು. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದ ಮಗನಿಗೆ ಸಿಂಹಾಸನ ಉಳಿದಿರಲಿಲ್ಲ, ಮ್ಯಾಂಗನೀಸ್ ಉಳಿದಿತ್ತು. 1954ರಲ್ಲಿ ಮನೆತನದ ಗಣಿ ಕಂಪೆನಿ ಸ್ಥಾಪನೆಯಾಯಿತು. ಅದಿರನ್ನು ಅಗೆದು ಕಳುಹಿಸಿದರಷ್ಟೇ ಸಾಲದೆಂದು ಮುಂದೆ ಹೊಸಪೇಟೆಯ ಬಳಿಯ ವ್ಯಾಸನಕೆರೆಯಲ್ಲಿ ಲೋಹದ ಕಾರ್ಖಾನೆಯೂ ಎದ್ದಿತು.

1972ರಲ್ಲಿ ದೇವರಾಜ ಅರಸರು ಇವರನ್ನು ರಾಜ್ಯದ ಅರ್ಥಮಂತ್ರಿಯನ್ನಾಗಿ ಮಾಡಿಕೊಂಡರು. ಗಣಿಯ ಒಡೆತನವೂ ಬೊಕ್ಕಸದ ಕೀಲಿಕೈಯೂ ಒಂದೇ ಮನೆಯಲ್ಲಿದ್ದರೆ ಪ್ರಜೆಗಳು ಹುಬ್ಬೇರಿಸುವುದು ಸಹಜ. ಹುಬ್ಬೇರಿಸುವುದು ಒಳ್ಳೆಯದು ಕೂಡ. ಆದರೆ ಘೋರ್ಪಡೆಯವರನ್ನು ತೂಗಿನೋಡಲು ಬಜೆಟ್ಟಿಗಿಂತಲೂ ತಕ್ಕ ತಕ್ಕಡಿಯೊಂದುಂಟು. ಅರ್ಥಖಾತೆಯನ್ನು ಆಳಿದವರು, ಅದಕ್ಕಿಂತ ಕಿರಿದೆಂದು ಎಣಿಸಲ್ಪಟ್ಟಿದ್ದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನು 1990ರ ದಶಕದಲ್ಲಿಯೂ ಆ ಬಳಿಕವೂ ವಹಿಸಿಕೊಂಡು ದುಡಿದರು. 1993ರ ಪಂಚಾಯತ್ ಕಾಯಿದೆಯ ಫಲವಾಗಿ, ಊರಿನ ಕೆಲಸದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕೂತ ಸಾಮಾನ್ಯನೊಬ್ಬ ಎದ್ದು ಕೇಳಬಹುದಾಯಿತು. ಅರಸುಮನೆಯ ಕುಡಿಗೆ ಇಂಥ ಹಂಬಲ ಹುಟ್ಟಿದ್ದು ಸಣ್ಣ ಮಾತಲ್ಲ. ಕ್ಯಾಮೆರಾ ಹಿಡಿದು ಕಾಡಾನೆಗಳಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ಛಾಯಾಚಿತ್ರಕಾರರಿವರು. ಕಡತಗಳ ಮುಂದೆಯೂ ಆ ತಾಳ್ಮೆ ನೆರವಿಗೆ ಬಂದಿರಬೇಕು.

ಅದಿರು ಒಮ್ಮೆಯ ಬೆಳೆ, ಅಗೆದ ಮೇಲೆ ಮತ್ತೆ ಚಿಗುರದು. ಸಂಡೂರಿನ ಕುಶಲ ಕಲಾ ಕೇಂದ್ರದ ಬೆಲೆ ತಿಳಿಯುವುದು ಇಲ್ಲಿಯೇ. ತಾಂಡಾಗಳ ಲಂಬಾಣಿ ಹೆಂಗಸರು ತಮ್ಮ ಉಡುಪಿಗೆಂದು ಹಾಕುತ್ತಿದ್ದ ಕನ್ನಡಿ, ಕವಡೆ, ಬಣ್ಣದ ದಾರದ ಹೊಲಿಗೆಯನ್ನು ಘೋರ್ಪಡೆಯವರು 1980ರ ದಶಕದಲ್ಲಿ ಜೀವನೋಪಾಯವಾಗಿಸಲು ಹೊರಟರು. 2010ರಲ್ಲಿ ಆ ಕಸೂತಿಗೆ ಭೌಗೋಳಿಕ ಗುರುತೂ ದೊರೆಯಿತು. ಲಾರಿಗಳ ಸಾಲಿನ ಮುಂದೆ ಸೂಜಿಯ ಮೊನೆ ಎಷ್ಟರದು ಎನ್ನಬಹುದು. ಆದರೆ ಲಾರಿ ನಿಂತಾಗಲೂ ಸೂಜಿ ನಿಲ್ಲದು.

ಲಾರಿಗಳು ನಿಂತೂ ಬಿಟ್ಟವು. ಚೀನದ ಬೇಡಿಕೆಯಿಂದ ಉಬ್ಬಿ, ಅಕ್ರಮದಿಂದ ಕೆಂಪಾಗಿದ್ದ ಗಣಿಗಾರಿಕೆಯ ಬಗ್ಗೆ 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರು ವರದಿ ಸಲ್ಲಿಸಿದರು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯೊಡ್ಡಿತು. ಅದೇ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬೀದಿಯ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನೂ ತೆರವುಗೊಳಿಸಲಾಯಿತು. ಸ್ಮಾರಕ ಉಳಿಯಬೇಕು, ನಿಜ. ಅದರ ನೆರಳಿನಲ್ಲಿ ಬದುಕಿದವರ ಗತಿಯೇನೆಂದು ಆಗ ಕೇಳಿದವರು ಕಡಿಮೆ. ಆ ವರ್ಷ ಮುಗಿಯುವ ಮೊದಲೇ ಘೋರ್ಪಡೆಯವರು ತೀರಿಕೊಂಡರು.

ಇನ್ನು ನೀರಿನ ಸಂಪತ್ತು. ಅದು ವರ್ಷವರ್ಷವೂ ಮರಳಿ ಬರುವುದು. ವಿಜಯನಗರದ ಅರಸರು ತೋಡಿಸಿದ ರಾಯ, ಬಸವ, ತುರ್ತಾ ಕಾಲುವೆಗಳು ಇಂದಿಗೂ ಹೊಸಪೇಟೆ, ಹಂಪಿಗಳ ತೋಟಗಳಿಗೆ ನೀರುಣಿಸುತ್ತಿವೆ. ಆದರೆ 1953ರಿಂದ ನೀರು ಹಿಡಿದಿಟ್ಟ ತುಂಗಭದ್ರಾ ಜಲಾಶಯಕ್ಕೆ ಹೂಳು ತುಂಬಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಕಂಪ್ಲಿಯ ಬತ್ತದ ರೈತರು ನಿದ್ದೆಗೆಟ್ಟು ಕುಳಿತರು. ವಾರದೊಳಗೆ ತಾತ್ಕಾಲಿಕ ತಡೆಯನ್ನು ಇಳಿಸಿದ್ದು ತಜ್ಞರ, ಕಾರ್ಮಿಕರ ಸಾಹಸ. ಎಪ್ಪತ್ತು ವರ್ಷದ ಗೇಟನ್ನು ಮೊದಲೇ ನೋಡಿಕೊಳ್ಳದಿದ್ದುದು ಯಾರ ಸೇವೆಯೋ!

ಗಣಿಬಾಧಿತ ಹಳ್ಳಿಗಳಿಗೆಂದು 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಬಳ್ಳಾರಿಯ ವಾರ್ಷಿಕ ಅದಿರಿನ ಮಿತಿಯನ್ನು ನ್ಯಾಯಾಲಯ 2022ರಲ್ಲಿ 350 ಲಕ್ಷ ಟನ್ನಿಗೆ ಏರಿಸಿದೆ. ಸಂಡೂರಿನ ಗ್ರಾಮಸಭೆಗಳಲ್ಲಿ ಈ ಎರಡು ಅಂಕೆಗಳನ್ನೂ, ಬಂದ ಹಣವನ್ನೂ ಹೋದ ಅದಿರನ್ನೂ, ಒಂದೇ ಹಾಳೆಯ ಮೇಲೆ ಬರೆದು ಓದಿಹೇಳುವವರು ಬೇಕಾಗಿದ್ದಾರೆ.