ಫಿರೌನನ ಊರಲ್ಲಿ ಏನಿದೆ ನೋಡೋಕೆ?

ನಮ್ಮ ಮನೆಗಳಲ್ಲಿ ಪಾಸ್‌ಪೋರ್ಟ್ ಎಂಬ ಪುಸ್ತಕಕ್ಕೆ ಎರಡೇ ಅರ್ಥ. ಒಂದು ಹಜ್, ಇನ್ನೊಂದು ಗಲ್ಫ್ ನೌಕರಿ. ಮಗ ಮಾಡಿಸಿದನೆಂದರೆ ದಮ್ಮಾಮಿಗೋ ದುಬೈಗೋ ಹೊರಟನೆಂದು ತಿಳಿಯಬೇಕು. ಅಪ್ಪ ಅಮ್ಮ ಮಾಡಿಸಿದರೆ ಮಕ್ಕಾಕ್ಕೆ. ಸುಮ್ಮನೆ ನೋಡಿ ಬರಲು ಹೊರದೇಶಕ್ಕೆ ಹೋಗುತ್ತೇವೆ ಎಂದರೆ ಕೇಳಿದವರಿಗೆ ಅದನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳಬೇಕೋ ಗೊತ್ತಾಗುವುದಿಲ್ಲ. ನಾವು ಗಂಡ ಹೆಂಡತಿ ಈಜಿಪ್ಟಿಗೆ ಹೋಗಿ ಬರುವ ಯೋಚನೆ ಹೊರಗೆ ಹಾಕಿದ ದಿನದಿಂದ ಈ ಗೊತ್ತಾಗದ ಮುಖಗಳನ್ನು ಬೇಕಾದಷ್ಟು ನೋಡಿದ್ದೇವೆ.

ನಾವು ಹನಕೆರೆಯವರು. ಮದ್ದೂರು ಮಂಡ್ಯ ನಡುವೆ, ಹೆದ್ದಾರಿ ಮತ್ತು ರೈಲು ಎರಡೂ ಹಾದುಹೋಗುವ ಊರು ಇದು. ಬೆಂಗಳೂರಿನಿಂದ ಮೈಸೂರು ಅರಮನೆ ನೋಡಲು, ಶ್ರೀರಂಗಪಟ್ಟಣ ನೋಡಲು, ಊಟಿ ನೋಡಲು ಹೋಗುವವರೆಲ್ಲ ನಮ್ಮನ್ನು ದಾಟಿಕೊಂಡೇ ಹೋಗಬೇಕು. 2023ರ ಮಾರ್ಚಿನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಇನ್ನೂ ಬೇಗ ದಾಟುತ್ತಾರೆ. ನೋಡಲು ಹೋಗುವವರನ್ನು ನೋಡುತ್ತಲೇ ನಮ್ಮ ಆಯುಷ್ಯ ಕಳೆದಿದೆ.

ಇಬ್ಬರೂ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಿಕೆ ಮಾಡಿ ನಿವೃತ್ತರಾದವರು. ‘ಈಜಿಪ್ಟ್ ನೈಲ್ ನದಿಯ ವರಪ್ರಸಾದ’ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಕೆಳಗೆ ಒಂದು ತ್ರಿಕೋನ, ಪಕ್ಕದಲ್ಲಿ ಒಂದು ಖರ್ಜೂರದ ಮರ. ತೆಂಗಿನ ಮರದಂತೆಯೇ ಇರುತ್ತಿತ್ತು ಅದು, ಮಂಡ್ಯದ ಮಕ್ಕಳಿಗೆ ಅಷ್ಟು ಸಾಕಿತ್ತು. ಖುಫು ಕಟ್ಟಿಸಿದ ಪಿರಮಿಡ್ಡಿನ ಎತ್ತರ ಮೊದಲು ಸುಮಾರು 146 ಮೀಟರ್, ಈಗ 138ರ ಆಸುಪಾಸು, ಕಟ್ಟಿ ನಾಲ್ಕೂವರೆ ಸಾವಿರ ವರ್ಷ. ಇದನ್ನೆಲ್ಲ ಬಾಯಿಪಾಠ ಮಾಡಿಸಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬ “ನೀವು ನೋಡಿದ್ದೀರಾ ಮಿಸ್?” ಎಂದು ಕೇಳಿದ್ದ. ಅವನೀಗ ಮದ್ದೂರಿನಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಿದ್ದಾನೆ, ಕೇಳಿದ್ದನ್ನು ಮರೆತಿದ್ದಾನೆ. ನಾವು ಮರೆತಿಲ್ಲ.

2011ರಲ್ಲಿ ಹಜ್ ಮುಗಿಸಿ ಬಂದೆವು. ಆಗ ಮಾಡಿಸಿದ ಪಾಸ್‌ಪೋರ್ಟಿನ ಅವಧಿ 2021ಕ್ಕೆ ಮುಗಿದಿತ್ತು. ಮತ್ತೆ ಮಾಡಿಸಲು ಈ ಸಲ ಬೆಂಗಳೂರಿನ ತನಕ ಅಲೆಯಲಿಲ್ಲ. ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪದ್ಧತಿ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದದ್ದು ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದಿನಲ್ಲಿ. ಬೆಳಿಗ್ಗೆ ರೈಲು ಹತ್ತಿ ಸಂಜೆಗೆ ಮನೆ ಸೇರಿದೆವು. ಪೊಲೀಸ್ ತನಿಖೆಗೆ ಬಂದವರು ಚಹಾ ಕುಡಿದು, “ಉಮ್ರಾಕ್ಕಾ ಮೇಷ್ಟ್ರೆ?” ಎಂದರು. ಈಜಿಪ್ಟ್ ಎಂದೆವು. “ಅಲ್ಯಾರವ್ರೆ ನಿಮ್ಮೋರು?” ಎಂದರು. ಯಾರೂ ಇಲ್ಲ.

ಪಕ್ಕದ ಮನೆಯ ಗೌಡರಿಗೆ ವಿಷಯ ತಿಳಿದದ್ದು ಬೇರೆ ರೀತಿ. “ಮಮ್ಮಿ ನೋಡಾಕೆ ಅಷ್ಟ್ ದೂರ ಓಗ್ಬೇಕಾ ಮೇಷ್ಟ್ರೆ? ನಮ್ ಮಗ ಐದರಾಬಾದಲ್ಲೇ ನೋಡ್ಕಂಡ್ ಬಂದವ್ನೆ” ಎಂದರು. ಅವರು ಹೇಳಿದ್ದು ನಿಜ. ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನ ಮ್ಯೂಸಿಯಂನಲ್ಲಿ ನಿಜಾಮರ ಕಾಲದಲ್ಲಿ ತಂದಿರಿಸಿದ ಈಜಿಪ್ಟಿನ ಮಮ್ಮಿಯೊಂದಿದೆ. ರೈಲು ಟಿಕೆಟ್ಟಿನ ದುಡ್ಡಿನಲ್ಲಿ ಆಗಿಹೋಗುವ ಕೆಲಸ. ಇದಕ್ಕೆ ನಮ್ಮಲ್ಲಿ ತಕ್ಷಣ ಉತ್ತರವಿರಲಿಲ್ಲ, ನಕ್ಕೆವು.

ಆಪಾ ಮಾತ್ರ ನಗಲಿಲ್ಲ. ಕುಟುಂಬಕ್ಕೆ ಹಿರಿಯರು ಅವರು, ಎಂಬತ್ತು ದಾಟಿದೆ. “ಹಾಜಿ ಹಾಜಿಯಾನಿ ಅಂತ ಜನ ಕರೀತಾರೆ ನಿಮ್ಮನ್ನ. ಫಿರೌನನ ಊರಿಗೆ ಹೋಗ್ತೀರಾ? ಅಲ್ಲೇನಿದೆ ನೋಡೋಕೆ? ದುಡ್ಡು ಹೆಚ್ಚಾಗಿದ್ರೆ ಇನ್ನೊಂದು ಉಮ್ರಾ ಮಾಡಿ. ಅದೂ ಬೇಡಾಂದ್ರೆ ಬಡವರ ಮನೆ ಹುಡುಗಿಗೆ ಮದುವೆ ಮಾಡಿ.”

ಇದನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವ ಹಾಗಿಲ್ಲ. ನಮ್ಮ ಕೈಯಲ್ಲಿರುವುದು ನಿವೃತ್ತಿಯ ಹಣದಲ್ಲಿ ಉಳಿದದ್ದು ಮತ್ತು ಐದು ವರ್ಷ ಕಟ್ಟಿದ ಒಂದು ಚೀಟಿ. ಅದರಲ್ಲಿ ಮೊಮ್ಮಗಳ ಕಾಲೇಜಿನ ಫೀಸೂ ಇದೆ, ಸೋರುವ ಅಡುಗೆಮನೆಯೂ ಇದೆ. ಇಷ್ಟರ ನಡುವೆ ಸತ್ತ ರಾಜರ ಗೋರಿ ನೋಡಲು ಇಬ್ಬರಿಗೆ ಮೂರು ಲಕ್ಷ ಎಂದರೆ ಯಾರಾದರೂ ಕೇಳುತ್ತಾರೆ, ಕೇಳಬೇಕು. ಗೀಝಾದ ಪಿರಮಿಡ್ಡು ಕಟ್ಟಿಸಿದವನು ಹಜ್ರತ್ ಮೂಸಾ ಕಾಲದ ಫಿರೌನನಲ್ಲ, ಅವನಿಗಿಂತ ಸಾವಿರ ವರ್ಷಕ್ಕೂ ಹಿಂದಿನವನು ಎಂದು ಮೇಷ್ಟರ ಗತ್ತಿನಲ್ಲಿ ಹೇಳಿ ನೋಡಿದೆವು. “ಎಲ್ಲಾ ಒಂದೇ ಖಾನ್‌ದಾನ್” ಎಂದು ಆಪಾ ಮುಗಿಸಿಬಿಟ್ಟರು.

ಮಂಡ್ಯದ ಒಬ್ಬ ಕಿರಿಯ ಮೌಲಾನಾ ಅವರನ್ನು ಕೇಳಿದೆವು. ಭೂಮಿಯ ಮೇಲೆ ಸಂಚರಿಸಿ ಹಿಂದಿನವರ ಗತಿ ಏನಾಯಿತೆಂದು ನೋಡಿ ಎಂಬ ಮಾತು ಕುರ್‌ಆನಿನಲ್ಲಿ ಒಂದಲ್ಲ, ಹಲವು ಕಡೆ ಬರುತ್ತದೆ ಎಂದರು. ಸಮೂದ್ ಜನಾಂಗದ ಹಾಳೂರನ್ನು ಹಾದುಹೋಗುವಾಗ ಅಳುತ್ತಲ್ಲದೆ ಒಳಗೆ ಕಾಲಿಡಬೇಡಿ ಎಂದು ಪ್ರವಾದಿಯವರು ಸಂಗಾತಿಗಳಿಗೆ ಹೇಳಿದ್ದನ್ನೂ ನೆನಪಿಸಿದರು. “ಹೋಗಿ, ಆದ್ರೆ ಪಿಕ್ನಿಕ್ಕಿಗೆ ಹೋದ ಹಾಗೆ ಹೋಗಬೇಡಿ” ಎಂಬುದು ಅವರ ಸಲಹೆ. ಸೆಲ್ಫಿ ತೆಗೆಯಬಹುದೇ ಎಂದು ನಾವು ಕೇಳಲಿಲ್ಲ.

ನಮಗೆ ಹೆಚ್ಚು ಧೈರ್ಯ ಕೊಟ್ಟದ್ದು ಮಾತ್ರ ಒಬ್ಬ ಹಳೆಯ ಲೇಖಕ. ಹೆಸರು ಅಬೂ ಜಾಫರ್ ಅಲ್ ಇದ್ರೀಸಿ, 1251ರಲ್ಲಿ ತೀರಿಕೊಂಡವರು. ಭೂಪಟ ಬರೆದ ಪ್ರಸಿದ್ಧ ಇದ್ರೀಸಿ ಬೇರೆ, ಇವರು ಬೇರೆ. ಪಿರಮಿಡ್ಡುಗಳ ಬಗ್ಗೆಯೇ ಇವರು ಅರಬ್ಬಿಯಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲಿ ಒಂದು ಪ್ರಸಂಗವಿದೆ. ಮಗ್ರಿಬ್ ದೇಶದ, ಅಂದರೆ ಈಗಿನ ಮೊರಾಕ್ಕೊ ಕಡೆಯ ಒಬ್ಬ ವಿದ್ಯಾರ್ಥಿ ಹಜ್ ಮುಗಿಸಿಕೊಂಡು ಊರಿಗೆ ಮರಳುತ್ತಾನೆ. ದಾರಿಯಲ್ಲಿ ಈಜಿಪ್ಟ್ ಇತ್ತಲ್ಲ, ಪಿರಮಿಡ್ಡುಗಳ ಬಗ್ಗೆ ಹೇಳು ಎಂದು ಗುರುಗಳು ಕೇಳುತ್ತಾರೆ. ನೋಡಲಿಲ್ಲ ಎನ್ನುತ್ತಾನೆ. ಗುರುಗಳು ಅವನಿಗೆ ಚೆನ್ನಾಗಿ ಬೈಯುತ್ತಾರೆ. ಇಂಥದ್ದರ ಪಕ್ಕದಲ್ಲೇ ಹಾದುಬಂದೂ ನೋಡಬೇಕೆಂದು ಅನ್ನಿಸದವನಿಗೆ ವಿದ್ಯೆಯ ಮಾತೇಕೆ ಎಂಬ ಅರ್ಥದಲ್ಲಿ. ನಾಚಿಕೆಪಟ್ಟ ಶಿಷ್ಯ ಪಿರಮಿಡ್ಡು ನೋಡುವುದಕ್ಕೆಂದೇ ಅಷ್ಟು ದೂರ ಮತ್ತೆ ಹೋಗುತ್ತಾನೆ. ಇದ್ರೀಸಿಯವರ ಇನ್ನೊಂದು ವಾದವೂ ಇದೆ: ಪ್ರವಾದಿಯವರ ಸಂಗಾತಿಗಳೇ ಈಜಿಪ್ಟಿಗೆ ಬಂದು ಈ ಕಟ್ಟಡಗಳ ನೆರಳಲ್ಲಿ ಬಾಳಿದರು, ಅಲ್ಲೇ ಮಣ್ಣಾದರು, ಆದರೆ ಅವುಗಳನ್ನು ಕೆಡವಲಿಲ್ಲ.

ಆಪಾಗೆ ಈ ಕಥೆ ಓದಿ ಹೇಳಿದೆವು. ಎರಡು ಸಲ ಹೇಳಿಸಿಕೊಂಡರು. “ಅವನು ಹುಡುಗ, ನಿಮಗೆ ಅರವತ್ತೈದು” ಎಂದರು. ಆದರೆ ಫಿರೌನನ ಮಾತು ಆಮೇಲೆ ಎತ್ತಲಿಲ್ಲ.

ಕೆಡವಲು ಹೋದವರೂ ಇದ್ದರು, ಅದನ್ನು ಮುಚ್ಚಿಡಬಾರದು. ಸಲಾಹುದ್ದೀನನ ಮಗ ಅಲ್ ಅಝೀಝ್ 1196ರಲ್ಲಿ ಮೂರು ಪಿರಮಿಡ್ಡುಗಳಲ್ಲಿ ಚಿಕ್ಕದನ್ನು ಒಡೆಸಲು ಕೂಲಿಯವರನ್ನು ಹಚ್ಚಿದ. ಎಂಟು ತಿಂಗಳು ಒಡೆದರೂ ಸಾಗಲಿಲ್ಲ, ಬಿಟ್ಟುಹೋದರು. ಉತ್ತರದ ಮೈಯಲ್ಲಿ ಆ ಗಾಯ ಈಗಲೂ ಇದೆ. ಇದನ್ನೆಲ್ಲ ಬರೆದಿಟ್ಟ ಬಾಗ್ದಾದಿನ ವೈದ್ಯ ಅಬ್ದುಲ್ ಲತೀಫ್, ಹಳೆಯ ಕಟ್ಟಡಗಳನ್ನು ಕಾಯುವುದು ಅರಸರ ಕರ್ತವ್ಯ ಎಂದು ಅದೇ ಕಾಲದಲ್ಲಿ ವಾದಿಸಿದ್ದರು. ಎಂಟುನೂರು ವರ್ಷದ ಹಿಂದಿನ ಮಾತು ಇದು. ಒಂದು ಸ್ಮಾರಕದ ಮುಂದೆ ನಿಂತರೆ ‘ಚೆನ್ನಾಗಿದೆ’ ಎನ್ನುವ ಮೊದಲು ‘ಇದು ಯಾರದು?’ ಎಂದು ಕೇಳುವ ಈ ದಿನಗಳಲ್ಲಿ, ನಮ್ಮ ಜಿಲ್ಲೆಯಲ್ಲೂ ಆ ಪ್ರಶ್ನೆಯ ಬಿಸಿ ತಾಗಿರುವಾಗ, ಆ ವೈದ್ಯರ ಮಾತು ಓದಿ ಸಮಾಧಾನವಾಯಿತು.

ನಿಜ ಹೇಳಬೇಕೆಂದರೆ ಈಗ ನಮ್ಮನ್ನು ಎಳೆಯುತ್ತಿರುವುದು ಪಿರಮಿಡ್ಡಿಗಿಂತ ಹೆಚ್ಚಾಗಿ ಲಕ್ಸರ್ ದೇವಾಲಯ. ಮೂರನೆಯ ಅಮೆನ್‌ಹೋಟೆಪ್ ಕ್ರಿಸ್ತಪೂರ್ವ 14ನೆಯ ಶತಮಾನದಲ್ಲಿ ಆರಂಭಿಸಿದ್ದು, ಎರಡನೆಯ ರ‍್ಯಾಮ್ಸೆಸ್ ಮುಂದೆ ಅಂಗಳ ಸೇರಿಸಿದ. ರೋಮನ್ನರ ಕಾಲ ಕಳೆದು ಅಲ್ಲಿ ಕ್ರೈಸ್ತರ ಚರ್ಚು ಬಂತು. 13ನೆಯ ಶತಮಾನದಲ್ಲಿ ಅದೇ ಅಂಗಳದಲ್ಲಿ ಸೂಫಿ ಅಬುಲ್ ಹಜ್ಜಾಜ್ ಅವರ ಮಸೀದಿ ಕಟ್ಟಿದರು. ಕಟ್ಟುವಾಗ ದೇವಾಲಯ ಬಹುಪಾಲು ಮಣ್ಣಿನಲ್ಲಿ ಹೂತಿತ್ತು. 19ನೆಯ ಶತಮಾನದ ಕೊನೆಯಲ್ಲಿ ಮಣ್ಣು ತೆಗೆದಾಗ ಮಸೀದಿಯ ಹಳೆಯ ಬಾಗಿಲು ನೆಲದಿಂದ ಹಲವು ಮೀಟರ್ ಮೇಲೆ ಗಾಳಿಯಲ್ಲಿ ಉಳಿಯಿತು. ಹಾಗೇ ಬಿಟ್ಟಿದ್ದಾರೆ. ಮಸೀದಿಯಲ್ಲಿ ಈಗಲೂ ನಮಾಜ್ ನಡೆಯುತ್ತದೆ. 2007ರ ನಂತರ ದುರಸ್ತಿ ಮಾಡುವಾಗ ಗೋಡೆಯ ಗಾರೆಯ ಹಿಂದಿನಿಂದ ಫರೋಗಳ ಕಾಲದ ಕೆತ್ತನೆ ಹೊರಬಂದವು, ಅವನ್ನು ಮತ್ತೆ ಮುಚ್ಚದೆ ಕಾಣುವಂತೆ ಬಿಟ್ಟರು.

ಅಲ್ಲಿ ವರ್ಷಕ್ಕೊಮ್ಮೆ ಶಾಬಾನ್ ತಿಂಗಳಲ್ಲಿ ಉರುಸ್ ಆಗುತ್ತದೆ. ಆ ಮೆರವಣಿಗೆಯಲ್ಲಿ ದೋಣಿಯನ್ನು ಊರೊಳಗೆ ತರುತ್ತಾರೆ. ಮೂರು ಸಾವಿರ ವರ್ಷದ ಹಿಂದೆ ಅಮುನ್ ದೇವರ ದೋಣಿಯನ್ನು ಕಾರ್ನಾಕ್‌ನಿಂದ ಇದೇ ದೇವಾಲಯಕ್ಕೆ ಹೊತ್ತು ತರುತ್ತಿದ್ದರಂತೆ. ಎರಡಕ್ಕೂ ನಂಟಿದೆ ಎನ್ನುವವರಿದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ. ಗಂಧದ ಮೆರವಣಿಗೆಯಲ್ಲಿ ತಮಟೆ ಬಡಿಯುವ ನಮ್ಮ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಆ ಅಂಗಳದಲ್ಲಿ ನಿಂತು ಅಸರ್ ನಮಾಜಿನ ಕೂಗು ಕೇಳಬೇಕು ಎಂಬುದು ನಮ್ಮ ಆಸೆ.

ದಕ್ಷಿಣಕ್ಕೆ ಇನ್ನೂ ಹೋದರೆ ಅಬು ಸಿಂಬೆಲ್. ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಿದ್ದ ಗುಡಿಗಳನ್ನು 1964ರಿಂದ 1968ರವರೆಗೆ ತುಂಡುತುಂಡಾಗಿ ಕತ್ತರಿಸಿ ಸುಮಾರು 65 ಮೀಟರ್ ಎತ್ತರಕ್ಕೆ ಸಾಗಿಸಿದರು. ಗುಡಿ ಉಳಿಯಿತು, ನ್ಯೂಬಿಯಾದ ಹತ್ತಾರು ಸಾವಿರ ಜನ ಮನೆಮಠ ಬಿಟ್ಟರು. ಇದನ್ನು ಓದುವಾಗ ನಮಗೆ ಕನ್ನಂಬಾಡಿ ನೆನಪಾಗದೆ ಇರುತ್ತದೆಯೇ? 1911ರಲ್ಲಿ ಕೆಲಸ ಶುರುವಾದ ಕಟ್ಟೆಯ ನೀರಿನಲ್ಲಿ ಆ ಊರೂ ಹೊಯ್ಸಳರ ವೇಣುಗೋಪಾಲಸ್ವಾಮಿ ಗುಡಿಯೂ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಯ ತಲೆ ಕಾಣುತ್ತಿತ್ತು. ಎಷ್ಟೋ ದಶಕಗಳ ಮೇಲೆ ಅದರ ಕಲ್ಲುಗಳನ್ನು ಬಿಚ್ಚಿ ತಂದು ಮೇಲಿನ ದಡದಲ್ಲಿ ಮತ್ತೆ ಕಟ್ಟಿದರು. ವಿಶ್ವೇಶ್ವರಯ್ಯ ನಾಲೆಯಲ್ಲಿ ನಮ್ಮ ಒಂದೆಕರೆ ಕಬ್ಬಿಗೆ ಬರುವ ನೀರು ಆ ಊರಿನ ಮೇಲೆ ನಿಂತ ನೀರೇ.

ನಮ್ಮ ಜಿಲ್ಲೆಯಿಂದ ಆ ಕಡೆ ಹೋದವರಲ್ಲಿ ನಾವು ಮೊದಲಿಗರಲ್ಲ. 1786ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಿಂದ ತುರ್ಕಿಯ ಸುಲ್ತಾನನ ಬಳಿಗೆ ಗುಲಾಂ ಅಲಿ ಖಾನರ ಮುಂದಾಳತ್ವದಲ್ಲಿ ದೊಡ್ಡ ನಿಯೋಗ ಕಳಿಸಿದ. ತದಡಿ ಬಂದರಿನಿಂದ ನಾಲ್ಕು ಹಡಗು. ಮಸ್ಕತ್, ಬಸ್ರಾ, ಬಾಗ್ದಾದ್ ಹಾದು ಇಸ್ತಾಂಬುಲ್ ತಲುಪುವ ಹೊತ್ತಿಗೇ ಎಷ್ಟೋ ಜನ ತೀರಿಕೊಂಡಿದ್ದರು. ಅಲ್ಲಿ ಪ್ಲೇಗು ಇನ್ನಷ್ಟು ಜನರನ್ನು ಕೊಂಡೊಯ್ಯಿತು. ಉಳಿದವರು ಅಲೆಕ್ಸಾಂಡ್ರಿಯಾ, ಕೈರೊ ದಾರಿಯಾಗಿ ಜಿದ್ದಾಕ್ಕೆ ಬಂದು, ಮಕ್ಕಾ ಮದೀನಾ ಮುಗಿಸಿ, 1789ರ ಕೊನೆಗೆ ಕಲ್ಲಿಕೋಟೆಯಲ್ಲಿಳಿದರು. ಗುಮಾಸ್ತ ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿಯಲ್ಲಿ ದಿನಚರಿ ಬರೆಯುತ್ತಿದ್ದರು. ನಮಗೆ ಉಳಿದಿರುವುದು ಬಸ್ರಾದವರೆಗಿನ ಭಾಗ ಮಾತ್ರ. ಕೈರೊದಲ್ಲಿ ನಿಂತ ಕಾವೇರಿ ಸೀಮೆಯವರು ನದಿಯಾಚೆಗಿನ ಆ ಮೂರು ತ್ರಿಕೋನಗಳನ್ನು ನೋಡಿ ಏನೆಂದುಕೊಂಡರೋ, ಓದಬೇಕೆಂದರೆ ಪುಟವೇ ಇಲ್ಲ.

ಇನ್ನು ಏರ್ಪಾಟಿನ ವಿಷಯ. ಬೆಂಗಳೂರಿನ ಏಜೆಂಟರು ಎಂಟು ದಿನದ ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಅತ್ತರಿನ ಅಂಗಡಿ, ಪಪೈರಸ್ ಅಂಗಡಿ, ನೈಲ್ ದೋಣಿಯಲ್ಲಿ ಊಟದ ಜೊತೆ ಡ್ಯಾನ್ಸು ಎಲ್ಲ ಇವೆ. ಲಕ್ಸರಿಗೆ ಅರ್ಧ ದಿನ. ಡ್ಯಾನ್ಸ್ ಬೇಡ, ಅಂಗಡಿ ಬೇಡ, ಲಕ್ಸರಿಗೆ ಎರಡು ದಿನ ಕೊಡಿ ಎಂದರೆ “ಗ್ರೂಪಲ್ಲಿ ಆಗಲ್ಲ ಸಾರ್” ಎನ್ನುತ್ತಾರೆ. ಬೇರೆಯಾಗಿ ಹೋದರೆ ಖರ್ಚು ಏರುತ್ತದೆ. ಅಲೆಕ್ಸಾಂಡ್ರಿಯಾ ಬಿಟ್ಟರೆ ಸರಿಹೋಗಬಹುದು ಎಂಬ ಮಾತುಕತೆ ನಡೆದಿದೆ. 2025ರ ನವೆಂಬರಿನಲ್ಲಿ ಉದ್ಘಾಟನೆಯಾದ ಗೀಝಾದ ಹೊಸ ಮ್ಯೂಸಿಯಂಗೆ ಒಂದು ದಿನ ಇಡೀ ಬೇಕೇ ಬೇಕು. ತುತಂಖಾಮನ್ ಗೋರಿಯ ಸಾಮಾನೆಲ್ಲ, ಐದು ಸಾವಿರಕ್ಕೂ ಮೀರಿದ ವಸ್ತು, ಅಲ್ಲಿ ಒಟ್ಟಿಗೆ ಇಟ್ಟಿದ್ದಾರೆ.

ಬೇಸಿಗೆಯಲ್ಲಿ ಲಕ್ಸರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಆದ್ದರಿಂದ ಚಳಿಗಾಲವೇ ಆಗಬೇಕು. ಚಾಂದ್ರಮಾನದ ಲೆಕ್ಕದಲ್ಲಿ ಈಗ ಶಾಬಾನ್ ಜನವರಿಯ ಸುತ್ತಮುತ್ತ ಬರುತ್ತಿದೆ. ಸಂಕ್ರಾಂತಿ ಮುಗಿಸಿಕೊಂಡು ಹೊರಟರೆ ಉರುಸೂ ಸಿಗಬಹುದು. ಇನ್ನು ನಾಲ್ಕೈದು ವರ್ಷ ಕಳೆದರೆ ಅದು ಹಿಂದೆ ಸರಿದು ಲೆಕ್ಕ ತಪ್ಪುತ್ತದೆ, ನಮ್ಮ ಮಂಡಿಗಳೂ ಕಾಯುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಡಾಕ್ಟರು ಆಪರೇಷನ್ ಮಾತಾಡಿದ್ದಾರೆ. ಪಿರಮಿಡ್ಡಿನೊಳಗೆ ಬೆನ್ನು ಬಗ್ಗಿಸಿ ಹತ್ತುವ ದಾರಿಯ ಆಸೆಯನ್ನು ಆಗಲೇ ಬಿಟ್ಟಿದ್ದೇವೆ. ಉಳಿದದ್ದಕ್ಕಾಗಿ ಫಜರ್ ಆದ ಮೇಲೆ ನಾಲೆಯ ಏರಿಯ ಮೇಲೆ ನಡೆಯುತ್ತೇವೆ. ಮೊದಲು ಒಂದು ಕಿಲೋಮೀಟರ್ ಆಗುತ್ತಿತ್ತು, ಈಗ ಮೂರು. ಗೌಡರು ಹಾಲಿನ ಕ್ಯಾನು ಹಿಡಿದು ಎದುರಾದಾಗ “ಎಲ್ಲೀಗಂಟ ಬಂತು ಈಜಿಪ್ಟು?” ಎಂದು ಕೇಳುತ್ತಾರೆ.

ಮುಂಗಡ ಕಟ್ಟಲು ಮುಂದಿನ ತಿಂಗಳ ಹತ್ತರವರೆಗೆ ಸಮಯವಿದೆ. ಚೀಟಿ ಹಣ ಕೈಸೇರಿದೆ, ಕಬ್ಬಿನ ಬಟವಾಡೆ ಬರಬೇಕು. ಮೊಮ್ಮಗಳ ಫೀಸನ್ನು ಬೇರೆ ಖಾತೆಗೆ ಹಾಕಿಬಿಟ್ಟಿದ್ದೇವೆ. ಅಡುಗೆಮನೆಗೆ ಈ ಮಳೆಗಾಲಕ್ಕೆ ತಾಡಪಾಲು ಹೊದಿಸುವುದೆಂದು ತೀರ್ಮಾನವಾಗಿದೆ. ಆಪಾ ಮೊನ್ನೆ ಫೋನ್ ಮಾಡಿ, ಮಸೀದಿಯ ಬಾಗಿಲು ಅಷ್ಟು ಮೇಲಿದ್ದರೆ ಜನ ಒಳಗೆ ಹೇಗೆ ಹೋಗುತ್ತಾರೆ ಎಂದು ಕೇಳಿದರು. ಇನ್ನೊಂದು ಪಕ್ಕದಲ್ಲಿ, ಊರಿನ ಕಡೆಯಿಂದ ಬಾಗಿಲಿದೆ ಎಂದು ಹೇಳಿದೆವು.