ಸುಣ್ಣದ ಡಬ್ಬ, ಸರ್ವೆ ಕಂಬ

ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟು ಬನ್ನಿ. ರಾತ್ರಿ ಹನಿದ ಮಳೆಗೆ ಮೈದಾನ ನೆನೆದಿದೆ, ಅಟ್ಟೆಗೆ ಅಂಟಿದ ಮಣ್ಣು ಬಿಡುವುದಿಲ್ಲ. ಬೆಳಗಿನ ಆರೂವರೆ. ತಿ. ನರಸೀಪುರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಆಗಸ್ಟ್ ತಿಂಗಳು, ನಾಲೆಗೆ ನೀರು ಬಿಟ್ಟಿದ್ದಾರೆ; ಕಾಂಪೌಂಡಿನಾಚೆಯ ಗದ್ದೆಯಲ್ಲಿ ಟಿಲ್ಲರ್ ಸದ್ದು. ವಾಲಿಬಾಲ್ ಕಂಬಕ್ಕೆ ಯಾರೋ ಎಮ್ಮೆ ಕಟ್ಟಿ ಹೋಗಿದ್ದಾರೆ. ಅದನ್ನು ಬಿಚ್ಚಿ ಬೇಲಿಯ ಕಡೆ ಕಟ್ಟುವುದು ಪಿಟಿ ಮೇಷ್ಟ್ರ ದಿನದ ಮೊದಲ ಕೆಲಸ. ಯಾರ ಎಮ್ಮೆ ಎಂಬುದು ಅವರಿಗೆ ಗೊತ್ತು. ಆ ಮನೆಯ ಹುಡುಗಿ ಖೋ ಖೋ ಟೀಮಿನಲ್ಲಿದ್ದಾಳೆ, ಹಾಗಾಗಿ ಬೈಯುವ ಹಾಗಿಲ್ಲ.

ಶುಕ್ರವಾರ ಹೋಬಳಿ ಮಟ್ಟದ ಕ್ರೀಡಾಕೂಟ. ಅಲ್ಲಿ ಗೆದ್ದರೆ ತಾಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಅಷ್ಟು ದೂರದ ಮಾತು ಮೇಷ್ಟ್ರು ಆಡುವುದಿಲ್ಲ. ಕಳೆದ ವರ್ಷ 200 ಮೀಟರ್ ಓಟದಲ್ಲಿ ಮುಂದಿದ್ದ ಇವರ ಹುಡುಗ ತಿರುವಿನಲ್ಲಿ ಪಕ್ಕದ ಲೇನಿಗೆ ಕಾಲಿಟ್ಟು ಔಟಾದ. ಪಾಪ, ಅವನು ಅದುವರೆಗೆ ಲೇನನ್ನೇ ಕಂಡವನಲ್ಲ. ಕೆರೆ ಏರಿ ಮೇಲೆ ಓಡಿ ಓಡಿ ಗಟ್ಟಿಯಾದವನು. ಅದಕ್ಕೇ ಈ ಸಲ ಟ್ರ್ಯಾಕ್ ಇಲ್ಲೇ ಹಾಕಿ, ಇಲ್ಲೇ ಓಡಿಸಿ ಕರೆದುಕೊಂಡು ಹೋಗುವ ಹಟ.

"ಸಾರ್, ಇದೊಂಚೂರು ಇಟ್ಕೊಳಿ" ಎಂದು ಟೇಪಿನ ತುದಿ ನಿಮ್ಮ ಕೈಗೇ ಕೊಡುತ್ತಾರೆ. ನೋಡಿದರೆ ಅದಕ್ಕೆ ತುದಿಯೇ ಇಲ್ಲ. ಮೊದಲ ಹತ್ತು ಸೆಂಟಿಮೀಟರ್ ಹರಿದು ಹೋಗಿದೆ. "ಒಂದನೇ ಮೀಟ್ರು ಗೆರೆ ಗೂಟದ ಮೇಲೆ ಇಡಿ, ಅಲ್ಲಿಂದ ಲೆಕ್ಕ." ನೀವು ಕುಕ್ಕರಗಾಲಲ್ಲಿ ಕೂತು ಆ ಗೆರೆಯನ್ನು ಗೂಟದ ನೆತ್ತಿಗೆ ಒತ್ತಿ ಹಿಡಿಯುತ್ತೀರಿ. ಎಂಟನೇ ಕ್ಲಾಸಿನ ಹುಡುಗ ಟೇಪ್ ಎಳೆದುಕೊಂಡು ಮೈದಾನದ ಆ ಕಡೆಗೆ ಓಡುತ್ತಾನೆ.

"ಎಷ್ಟ್ಲಾ?"

"ಹತ್ತೊಂಬತ್ತು ತೊಂಬತ್ತು, ಸಾ!"

ಅಂದರೆ 18.90 ಮೀಟರ್. ಈ ಅಂಕಿ ಎಲ್ಲಿಂದ ಬಂತು ಎಂದು ಮೇಷ್ಟ್ರು ನಡೆಯುತ್ತಲೇ ಹೇಳುತ್ತಾರೆ. ಒಂದು ಸುತ್ತು 200 ಮೀಟರ್ ಆಗಬೇಕು. ಎರಡು ನೇರ ದಾರಿಗಳು 40 ಮೀಟರಿನವು, ಅಲ್ಲಿಗೆ 80 ಮುಗಿಯಿತು. ಉಳಿದ 120 ಮೀಟರ್ ಎರಡು ಅರ್ಧ ವೃತ್ತಗಳಲ್ಲಿ ಬರಬೇಕು. ಸೇರಿಸಿದರೆ ಒಂದು ಪೂರ್ತಿ ವೃತ್ತ. ಎರಡು ಪೈ ಇಟ್ಟು ಭಾಗಿಸಿದರೆ ತ್ರಿಜ್ಯ 19.10. ಆದರೆ ಓಡುವವನು ಗೆರೆಯನ್ನೇ ತುಳಿದುಕೊಂಡು ಓಡುವುದಿಲ್ಲವಲ್ಲ. ಗೆರೆಯಿಂದ 20 ಸೆಂಟಿಮೀಟರ್ ಆಚೆಗೆ ಅವನ ದಾರಿ ಎಂದು ನಿಯಮ. ಸುತ್ತ ಎತ್ತರಿಸಿದ ಅಂಚು ಇರುವ ದೊಡ್ಡ ಕ್ರೀಡಾಂಗಣದಲ್ಲಾದರೆ 30. ಇಲ್ಲಿ ಬರೀ ಸುಣ್ಣದ ಗೆರೆ, ಆದ್ದರಿಂದ 20 ಕಳೆದು 18.90.

ಗೂಟಕ್ಕೆ ಕಟ್ಟಿರುವುದು ಹಗ್ಗವಲ್ಲ, ಗಾರೆ ಕೆಲಸದವರ ಬೈಂಡಿಂಗ್ ತಂತಿ. ನೈಲಾನ್ ಹಗ್ಗ ಜಗ್ಗಿದಷ್ಟೂ ಹಿಗ್ಗುತ್ತದೆ, ವೃತ್ತ ಸೊಟ್ಟಗಾಗುತ್ತದೆ. ತಂತಿಯ ಕೊನೆಗೆ ಕಬ್ಬಿಣದ ಮೊಳೆ. ಹುಡುಗ ಅದನ್ನು ನೆಲಕ್ಕೆ ಕೆರೆದುಕೊಂಡು ಬಗ್ಗಿ ಸುತ್ತುತ್ತಾನೆ. ಹಿಂದೆಯೇ ಇನ್ನೊಬ್ಬ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಾಲ್ಡಾ ಡಬ್ಬ ಅಲ್ಲಾಡಿಸುತ್ತ. ಸುಣ್ಣದ ಡಬ್ಬ ಎನ್ನುತ್ತಾರೆ, ಒಳಗಿರುವುದು ರಂಗೋಲಿ ಪುಡಿ. ಸುಣ್ಣ ಕಣ್ಣಿಗೆ ಬಿದ್ದರೆ ಮಗುವಿನ ಕಣ್ಣೇ ಹೋಗುತ್ತದೆ, ಯಾಕೆ ಬೇಕು ಆ ರಗಳೆ ಎಂದು ಮೇಷ್ಟ್ರು ಎಷ್ಟೋ ವರ್ಷದ ಹಿಂದೆಯೇ ಬದಲಾಯಿಸಿದರು.

ನಾಲ್ಕು ಲೇನ್ ಆಗುವಷ್ಟರಲ್ಲಿ ಬಿಸಿಲು ಮೂಡಿದೆ. ಈಗ ಜಗಳ ಶುರು. ಮೇಷ್ಟ್ರು ಎರಡನೇ ಲೇನಿನ ಆರಂಭದ ಗೆರೆಯನ್ನು ಒಂದನೆಯದಕ್ಕಿಂತ 7.67 ಮೀಟರ್ ಮುಂದಕ್ಕೆ ಎಳೆಸುತ್ತಾರೆ, ಮೂರನೆಯದನ್ನು 15.33, ನಾಲ್ಕನೆಯದನ್ನು 23.

"ಸಾ, ಅವ್ನು ಅಷ್ಟು ಮುಂದಕ್ಕೆ ನಿಂತವ್ನೆ! ಇದ್ಯಾವ ನ್ಯಾಯ?"

"ಸ್ಟ್ಯಾಗರ್ ಕಣ್ಲಾ. ಅವ್ನ ಸುತ್ತು ದೊಡ್ದು."

ಹುಡುಗನಿಗೆ ನಂಬಿಕೆ ಬರುವುದಿಲ್ಲ. ಮೇಷ್ಟ್ರು ಕೋಲಿನಿಂದ ನೆಲದ ಮೇಲೆಯೇ ಬರೆದು ತೋರಿಸುತ್ತಾರೆ: ಎರಡು ಪೈ, ಗುಣಿಸು ಲೇನಿನ ಅಗಲ 1.22. ನಿಮಗೆ ಆಗ ಹೊಳೆಯುತ್ತದೆ, ಈ ಲೆಕ್ಕದಲ್ಲಿ ತ್ರಿಜ್ಯವೇ ಇಲ್ಲ. ಮೈದಾನ ಚಿಕ್ಕದಿರಲಿ, ದೊಡ್ಡದಿರಲಿ, ಬರೀ ಗೆರೆಯ ಟ್ರ್ಯಾಕಾದರೆ ಒಂದು ಪೂರ್ತಿ ಸುತ್ತಿಗೆ ಪಕ್ಕದ ಲೇನಿನವನು ಹೆಚ್ಚಿಗೆ ಓಡುವುದು ಅಷ್ಟೇ. ಹತ್ತನೇ ತರಗತಿಯ ಬೋರ್ಡಿನ ಮುಂದೆ ವೃತ್ತದ ಪಾಠ ಕೇಳಿ ಆಕಳಿಸಿದ ಹುಡುಗ ಈಗ ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿದ್ದಾನೆ. ತನ್ನ ಪಾಲಿನ ಏಳೂಮುಕ್ಕಾಲು ಮೀಟರ್ ಯಾರೋ ನುಂಗಿದ್ದಾರೆಂಬ ಅನುಮಾನಕ್ಕಿಂತ ಒಳ್ಳೆಯ ಗಣಿತದ ಮೇಷ್ಟ್ರು ಇನ್ನೊಬ್ಬರಿಲ್ಲ. ಕೊನೆಗೆ ಅವನು ಟೇಪ್ ತೆಗೆದುಕೊಂಡು ತಾನೇ ಅಳೆಯುತ್ತಾನೆ. ಅಳೆಯಲಿ ಬಿಡಿ.

ಒಂಬತ್ತೂವರೆಗೆ ಗಂಟೆ. ಸಾವಧಾನ್, ವಿಶ್ರಾಮ್, ನಾಡಗೀತೆ, ಪತ್ರಿಕೆಯ ತಲೆಬರಹ ಓದುವ ಹುಡುಗಿ, ಮೈಕಿನ ಕಿರುಚಾಟ. ಸಾಲು ನೆಟ್ಟಗೆ ನಿಲ್ಲಿಸುವುದು, ಉಗುರು ನೋಡುವುದು, ತಡವಾಗಿ ಬಂದವರನ್ನು ಬೇರೆ ನಿಲ್ಲಿಸುವುದು, ಎಲ್ಲಕ್ಕೂ ಪಿಟಿ ಮೇಷ್ಟ್ರೇ. ಮಧ್ಯಾಹ್ನ ಬಿಸಿಯೂಟದ ಸಾಲೂ ಅವರದೇ. ಮೊಟ್ಟೆ ತಿನ್ನುವವರು ಈ ಕಡೆ, ಬಾಳೆಹಣ್ಣಿನವರು ಆ ಕಡೆ. ನಡುವೆ ಕ್ರೀಡಾಕೂಟದ ಅರ್ಜಿಗಳು: ಹುಟ್ಟಿದ ತಾರೀಕು, ಫೋಟೋ, ಹೆಡ್‌ಮಾಸ್ಟರ ಸೀಲು. 17 ವರ್ಷದೊಳಗಿನವರ ವಿಭಾಗ ಎಂದ ಮೇಲೆ ವಯಸ್ಸಿನ ತಕರಾರು ಬಂದೇ ಬರುತ್ತದೆ, ದಾಖಲಾತಿ ಪುಸ್ತಕದ ನಕಲು ಕೈಯಲ್ಲಿರಬೇಕು.

ಒಂಬತ್ತನೇ ಕ್ಲಾಸಿಗೆ ಇವತ್ತು ಮೂರನೇ ಪೀರಿಯಡ್ ಆಟ. ಮಕ್ಕಳು ಬಾಗಿಲಲ್ಲಿ ನಿಂತಾಗಿದೆ. ಅಷ್ಟರಲ್ಲಿ ಗಣಿತದ ಮೇಡಂ ಬರುತ್ತಾರೆ. "ಸರ್, ಪೋರ್ಷನ್ ತುಂಬಾ ಹಿಂದಿದೆ. ಇದೊಂದ್ ಪೀರಿಯಡ್ ಕೊಟ್ಬಿಡಿ, ಆಮೇಲೆ ವಾಪಸ್ ಕೊಡ್ತೀನಿ." ಮೇಷ್ಟ್ರು ನಗುತ್ತಾರೆ. ಆಟದ ಪೀರಿಯಡ್ ಕಡ ಹೋದದ್ದು ವಾಪಸ್ ಬಂದ ಇತಿಹಾಸ ಯಾವ ಶಾಲೆಯಲ್ಲೂ ಇಲ್ಲ. ಮೇಡಂ ಮೇಲೆ ನಿಮಗೆ ಸಿಟ್ಟು ಬಂದರೆ ತಪ್ಪು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಆಟದ ಪಾಲು ಸೊನ್ನೆ. ಫಲಿತಾಂಶ ಕಡಿಮೆ ಬಂದರೆ ನೋಟಿಸು ಬರುವುದು ಗಣಿತಕ್ಕೆ, ಖೋ ಖೋಗಲ್ಲ. ದೈಹಿಕ ಶಿಕ್ಷಣಕ್ಕೆ ಪಠ್ಯಪುಸ್ತಕವಿದೆ, ಇದನ್ನು ಕಲಿಸಲು ಬಿ.ಪಿ.ಎಡ್. ಪದವಿಯೂ ಇದೆ. ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ 1920ರಲ್ಲಿ ವೈಎಂಸಿಎ ಕಾಲೇಜು ಶುರು ಮಾಡಿದಾಗಿನಿಂದ ಈ ದೇಶದಲ್ಲಿ ಇದು ಓದಿ ಕಲಿಯುವ ವಿದ್ಯೆ. ಆದರೂ ನಮ್ಮಲ್ಲಿ ದೈಹಿಕ ಶಿಕ್ಷಕರ ಸಂಘದವರು ಉಳಿದ ಶಿಕ್ಷಕರ ಸಾಲಿಗೆ ನಮ್ಮನ್ನೂ ಸೇರಿಸಿ, ನಮ್ಮ ಬಗೆಗಿನ ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ಮನವಿ ಕೊಡುತ್ತ ಬಂದಿದ್ದಾರೆ. ಮೇಷ್ಟ್ರು ಇವತ್ತು ಅರ್ಧ ಪೀರಿಯಡ್‌ಗೆ ರಾಜಿಯಾಗುತ್ತಾರೆ. ಕೊಡುವುದಾದರೆ ಕೊನೆಯ ಅರ್ಧ ಕೊಡುತ್ತಾರೆ. ಮೊದಲರ್ಧ ಬಿಟ್ಟುಕೊಟ್ಟರೆ ಎರಡನೆಯದೂ ಹೋಯಿತೆಂದೇ ಲೆಕ್ಕ.

ಇಪ್ಪತ್ತು ನಿಮಿಷ, ಐವತ್ತು ಮಕ್ಕಳು, ಒಂದು ವಾಲಿಬಾಲು, ಅದಕ್ಕೂ ಗಾಳಿ ಕಡಿಮೆ. ಏನು ಮಾಡುತ್ತೀರಿ? ಚೆಂಡು ಬಿಟ್ಟರೆ ಎಂಟು ಗಂಡುಹುಡುಗರು ಅದನ್ನು ಹೊತ್ತುಕೊಂಡು ಹೋಗುತ್ತಾರೆ, ಹೆಣ್ಣುಮಕ್ಕಳು ಬೇವಿನ ಮರದಡಿ ಜಡೆ ಹೆಣೆಯುತ್ತ ಕೂರುತ್ತಾರೆ. ಎಷ್ಟೋ ಶಾಲೆಗಳಲ್ಲಿ ಆಟದ ಪೀರಿಯಡ್ ಎಂದರೆ ಅಷ್ಟೇ. ಇಲ್ಲಿ ಮೇಷ್ಟ್ರು ಒಂದು ಉದ್ದನೆಯ ಗೆರೆ ಎಳೆದು ಎಲ್ಲರನ್ನೂ ಅದರ ಮೇಲೆ ನಿಲ್ಲಿಸುತ್ತಾರೆ. "ಕೆರೆ!" ಐವತ್ತು ಜೋಡಿ ಕಾಲು ಮುಂದಕ್ಕೆ ನೆಗೆಯುತ್ತವೆ. "ದಡ!" ಹಿಂದಕ್ಕೆ. "ದಡ!" ಮತ್ತೆ ಅದೇ ಪದ; ಹತ್ತು ಜನ ಮೋಸಹೋಗಿ ಕೆರೆಗೆ ಬೀಳುತ್ತಾರೆ, ನಗುವೋ ನಗು. ಸಾಮಾನು ಏನೂ ಬೇಡ. ಎಂಟೇ ನಿಮಿಷದಲ್ಲಿ ಎಲ್ಲರಿಗೂ ಏದುಸಿರು. ಔಟಾದವರನ್ನು ಸುಮ್ಮನೆ ಕೂರಿಸುವುದಿಲ್ಲ; ಟ್ರ್ಯಾಕಿಗೆ ಕಳಿಸಿ, ಅವರವರ ಲೇನಿನಲ್ಲಿ ಒಂದು ತಿರುವು ನಡೆದು ಬರಲು ಹೇಳುತ್ತಾರೆ.

ನಾಲ್ಕೂವರೆಗೆ ಬನ್ನಿ. ನಿಜವಾದ ಶಾಲೆ ಆಗ ಶುರುವಾಗುತ್ತದೆ.

ಖೋ ಖೋ ಅಂಕಣದ ಎರಡು ತುದಿಗೆ ಸರ್ವೆ ಕಂಬ, ನೆಲದಿಂದ 120 ಸೆಂಟಿಮೀಟರ್ ಎತ್ತರ. ಮುಟ್ಟಿ ನೋಡಿ: ಬುಡ ಒರಟು, ಸೊಂಟದ ಮಟ್ಟದಲ್ಲಿ ಮಾತ್ರ ನುಣ್ಣಗಿದೆ. ವರ್ಷಗಟ್ಟಲೆ ಹುಡುಗಿಯರ ಅಂಗೈ ಉಜ್ಜಿ ಉಜ್ಜಿ ಆದದ್ದು. ಎಂಟು ಮಂದಿ ನಡುಗೆರೆಯ ಚೌಕಗಳಲ್ಲಿ ಕೂತಿದ್ದಾರೆ, ಒಬ್ಬಳು ಈ ಕಡೆಗೆ ಮುಖ, ಪಕ್ಕದವಳು ಆ ಕಡೆಗೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುವವಳು. ಎದುರಾಳಿಗಳು ಮೂರು ಮೂರು ಮಂದಿಯಾಗಿ ಒಳಗೆ ಬರುತ್ತಾರೆ. ಓಡುವವಳಿಗೆ ಎಲ್ಲ ದಾರಿಯೂ ಮುಕ್ತ, ಕೂತವರ ನಡುವೆ ನುಸುಳಬಹುದು. ಅಟ್ಟಿಸುವವಳು ನಡುಗೆರೆ ದಾಟುವ ಹಾಗಿಲ್ಲ. ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಹಿಂದಿರುಗುವ ಹಾಗಿಲ್ಲ. ಅವಳ ಕೈಲಿರುವುದು ಒಂದೇ ಉಪಾಯ: ಕೂತವಳ ಬೆನ್ನು ಮುಟ್ಟಿ "ಖೋ" ಎಂದು ಕೆಲಸ ಒಪ್ಪಿಸುವುದು.

ಮೇಷ್ಟ್ರ ಪಕ್ಕ ನಿಂತು ಅವರು ನೋಡುವ ಕಡೆ ನೋಡಿ. ಓಡುವವರನ್ನು ಅವರು ನೋಡುತ್ತಿಲ್ಲ. ಕೂತವರ ಕಾಲು ನೋಡುತ್ತಿದ್ದಾರೆ.

"ನಾಲ್ಕನೇ ಚೌಕ! ಹಿಮ್ಮಡಿ ಊರ್ಬೇಡ ಕಣವ್ವ. ಬೆರಳ ಮೇಲೆ ಕೂರು."

ಎರಡೂ ಪಾದ ಸಮನಾಗಿಟ್ಟು ಕೂರುವುದು ಪ್ಯಾರಲಲ್ ಟೋ. ಒಂದು ಪಾದ ಮುಂದೆ, ಇನ್ನೊಂದು ತುಸು ಹಿಂದೆ ಇಟ್ಟು ಚಿಮ್ಮಲು ತಯಾರಾಗುವುದು ಬುಲೆಟ್ ಟೋ. ಹಿಮ್ಮಡಿ ನೆಲ ಕಂಡರೆ ಏಳುವಾಗ ಅರ್ಧ ಸೆಕೆಂಡು ಹೋಗುತ್ತದೆ, ಅಷ್ಟರಲ್ಲಿ ಓಡುವವಳು ಎರಡು ಹೆಜ್ಜೆ ತಪ್ಪಿಸಿಕೊಂಡಿರುತ್ತಾಳೆ. ಹಾಗೆಂದು ಖೋ ಬೀಳುವ ಮೊದಲೇ ಎದ್ದರೆ ಫೌಲು. ಸಾಂಪ್ರದಾಯಿಕ ನಿಯಮದಲ್ಲಿ ದೊಡ್ಡವರ ಒಂದು ಸರದಿ 9 ನಿಮಿಷ. ಅಷ್ಟು ಹೊತ್ತು ಕೂತೂ ಕೂರದ ಹಾಗೆ ತುದಿಬೆರಳ ಮೇಲೆ ಇರಬೇಕು. ನಂಬಿಕೆಯಿಲ್ಲದಿದ್ದರೆ ಇಲ್ಲೇ ಹುಲ್ಲಿನ ಮೇಲೆ ಒಂದು ನಿಮಿಷ ಹಾಗೆ ಕೂತು ನೋಡಿ, ತೊಡೆ ನಡುಗುತ್ತದೆ.

ಕ್ಯಾಪ್ಟನ್ ಹುಡುಗಿ ಈಗ ಓಡುವ ಸರದಿಯಲ್ಲಿದ್ದಾಳೆ. ಸಣಕಲು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆಯನ್ನು ಹಿಂದೆ ಗಂಟು ಹಾಕಿದ್ದಾಳೆ, ಎಳೆದರೆ ಸಿಗಬಾರದಲ್ಲ. ಒಬ್ಬೊಬ್ಬರ ಮುಂದೆ, ಹಿಂದೆ, ಮುಂದೆ, ಹಿಂದೆ ನೇಯ್ದುಕೊಂಡು ಸಾಗುತ್ತಾಳೆ. ಇದಕ್ಕೆ ಚೈನ್ ಎನ್ನುತ್ತಾರೆ. ಅಟ್ಟಿಸುವವಳು ಬಗ್ಗಿ ಒಬ್ಬಳ ಬೆನ್ನಿನ ಹತ್ತಿರ ಕೈ ತರುತ್ತಾಳೆ, ಆದರೆ ಮುಟ್ಟುವುದಿಲ್ಲ. ಫೇಕ್ ಖೋ. ಕ್ಯಾಪ್ಟನ್ ನಂಬಿ ಮಗ್ಗುಲು ಬದಲಿಸುತ್ತಾಳೆ. ಮುಂದಿನ ಚೌಕದಲ್ಲಿ ನಿಜವಾದ "ಖೋ!" ಎದ್ದ ಹುಡುಗಿ ಅವಳನ್ನು ಕಂಬದ ಕಡೆಗೆ ಒತ್ತುತ್ತಾಳೆ. ಕ್ಯಾಪ್ಟನ್ ಕಂಬ ಬಳಸಿ ಆಚೆ ತಿರುಗಿದಳು, ಇನ್ನು ಸಿಗುವುದಿಲ್ಲ ಎಂದು ನೀವು ಉಸಿರು ಬಿಡುವಾಗಲೇ ಹಿಂದಿನವಳ ಎಡಗೈ ಕಂಬ ಹಿಡಿದಿದೆ, ಮೈ ಪೂರಾ ಗಾಳಿಯಲ್ಲಿ ಅಡ್ಡಕ್ಕೆ ಮಲಗಿದೆ, ಬಲಗೈ ಚಾಚಿ ಚಾಚಿ ಹಿಮ್ಮಡಿ ತಾಗುತ್ತದೆ. ಸೀಟಿ. ಪೋಲ್ ಡೈವ್. ಅವಳು ಮೊಣಕೈ ಊರಿ ಬಿದ್ದು, ಎದ್ದು, ಚರ್ಮ ಹೋದ ಜಾಗಕ್ಕೆ ಉಗುಳು ಹಚ್ಚಿಕೊಳ್ಳುತ್ತಾಳೆ.

"ಥೂ, ತೊಳ್ಕೊ ಹೋಗು" ಎಂದು ಮೇಷ್ಟ್ರು ನಲ್ಲಿಯ ಕಡೆ ಕಳಿಸುತ್ತಾರೆ. ಆಮೇಲೆ ನಿಮ್ಮ ಕಡೆ ತಿರುಗಿ, ತಡೆಯಲಾರದೆ, "ನೋಡಿದ್ರಾ ಸಾರ್?" ಎನ್ನುತ್ತಾರೆ.

ಇದೇ ತಾಲೂಕಿನ ಕುರುಬೂರಿನ ಹುಡುಗಿ ಬಿ. ಚೈತ್ರಾ ಭಾರತ ತಂಡದಲ್ಲಿ ಆಡಿದವಳು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್ಲಿನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಈ ನೆಲದವಳೊಬ್ಬಳು ಇದ್ದಳು ಎಂಬುದು ಇಲ್ಲಿನ ಹುಡುಗಿಯರಿಗೆ ಪತ್ರಿಕೆಯ ಸುದ್ದಿಯಲ್ಲ, ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದಾದ ಊರು. ನಗದು ಬಹುಮಾನದ ವಿಷಯ ಮಾತ್ರ ಮೇಷ್ಟ್ರಿಗೆ ಇನ್ನೂ ಉರಿ. ಕರ್ನಾಟಕ 5 ಲಕ್ಷ ಘೋಷಿಸಿತು, ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಕೊಟ್ಟಿತು. ಚೈತ್ರಾ ಮತ್ತು ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಆ 5 ಲಕ್ಷ ಬೇಡವೆಂದರು. "ಒಳ್ಳೇದೇ ಮಾಡುದ್ರು" ಎನ್ನುತ್ತಾರೆ ಮೇಷ್ಟ್ರು, ಸೀಟಿ ಬಾಯಿಗಿಡುವ ಮುನ್ನ.

ಎಮ್ಮೆ ಹುಡುಕಿಕೊಂಡು ಬಂದ ತಾಯಿ ಬೇಲಿಯ ಹತ್ತಿರ ನಿಂತಿದ್ದಾಳೆ. ಮಗಳು ಡೈವ್ ಹೊಡೆದದ್ದನ್ನು ನೋಡಿದ್ದಾಳೆ.

"ಇವ್ಳೇನು ಗಂಡುಡ್ಗೂರಂಗೆ ಬೀಳ್ತಾವ್ಳೆ. ಕೈಗಿಯ್ ಮುರ್ಕಂಡ್ರೆ ನಾಳೆ ಯಾರ್ ಕಟ್ಕತರೆ ಮೇಷ್ಟ್ರೇ?"

"ಕಟ್ಕೊಳೋರು ಕ್ಯೂ ನಿಲ್ತಾರೆ ಬುಡವ್ವ. ಶುಕ್ರವಾರ ಒಂದಿನ ಕಳ್ಸು. ಕನ್ನಡ ಮೇಡಮ್ಮೂ ಜೊತೆಗೆ ಬತ್ತಾರೆ."

ಮೇಡಂ ಬರುತ್ತಾರೆ ಎಂಬ ಮಾತಿಗೇ ತಾಯಿಯ ಮುಖ ಸಡಿಲವಾಗುತ್ತದೆ. ಅದು ಮೇಷ್ಟ್ರಿಗೆ ಗೊತ್ತು. ಹೊಟ್ಟೆನೋವಿನ ದಿನವಾದರೆ ಹುಡುಗಿಯರು ಹೇಳಿಕೊಳ್ಳುವುದು ಮೇಡಂ ಬಳಿ. ಬಟ್ಟೆ ಬದಲಿಸಲು ಕೋಣೆ ಸಿಗದಿದ್ದರೆ ಸುತ್ತ ದುಪಟ್ಟ ಹಿಡಿಸಿ ನಿಲ್ಲುವವರೂ ಅವರೇ. ಆ ಮೇಡಮ್ಮಿಗಾಗಿ ಮೇಷ್ಟ್ರು ಹೋದ ವಾರ ತಮ್ಮ ಎರಡು ಪೀರಿಯಡ್ ಬಿಟ್ಟುಕೊಟ್ಟದ್ದು ತಾಯಿಗೆ ಗೊತ್ತಿಲ್ಲ. ಕಡ ಕೊಟ್ಟದ್ದು ಹೀಗೂ ವಾಪಸ್ ಬರುತ್ತದೆ.

ಆರು ಗಂಟೆ. ಎಲ್ಲರನ್ನೂ ವೃತ್ತವಾಗಿ ನಿಲ್ಲಿಸಿದ್ದಾರೆ, ಹುಡುಗರು, ಹುಡುಗಿಯರು, ಮೈತುಂಬ ಮಣ್ಣು.

"ಶುಕ್ರವಾರ ಏಳೂವರೆಗೆ ಬಸ್‌ಸ್ಟಾಪು. ಹೆಣ್ಮಕ್ಳು ಆಧಾರ್ ಕಾರ್ಡ್ ಮರೀಬೇಡಿ, ಟಿಕೆಟ್ ಫ್ರೀ. ಕಾರ್ಡ್ ಇಲ್ದಿದ್ರೆ ಕಂಡಕ್ಟರ್ ದುಡ್ಡು ಕೇಳ್ತಾನೆ, ನಾನು ಕೊಡಲ್ಲ."

"ನಮ್ಗೆ ಸಾ?" ಬೆಳಿಗ್ಗೆ ಟೇಪ್ ಎಳೆದ ಹುಡುಗ.

"ನಿಮ್ದು ನಾನ್ ಕೊಟ್ಕತೀನಿ."

"ನಾವೂ ಒಂದೊಂದ್ ಚೂಡಿದಾರ ಹಾಕ್ಕಂಡ್ ಬಂದ್ಬುಡ್ತೀವಿ ಸಾ."

ಹುಡುಗಿಯರು ಗೊಳ್ಳೆಂದರು. ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು, ಹುಡುಗರ ತಲೆ ಎಣಿಸಿ, ಹೋಗುವ ಬರುವ ಎರಡೂ ಕಡೆಯ ಟಿಕೆಟ್ಟಿಗೆ ಎಷ್ಟಾಗುತ್ತದೆಂದು ಬರೆದುಕೊಳ್ಳುತ್ತಿದ್ದಾರೆ.