ಯಲ್ಲಾಪುರದ ಮೈದಾನಕ್ಕೆ ಒಬ್ಬ ಯಜಮಾನ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೊರಟ ಬಸ್ಸು ಕಲಘಟಗಿ ದಾಟಿ ಕಿರವತ್ತಿಗೆ ಬರುವಷ್ಟರಲ್ಲಿ ಬಯಲು ಮುಗಿದು ಸಾಗುವಾನಿ ಮರಗಳು ರಸ್ತೆಗೆ ಒತ್ತಿಕೊಂಡು ಬಂದಿರುತ್ತವೆ. ಮುಂದೆ ಯಲ್ಲಾಪುರ. ಇಲ್ಲಿ ಇಳಿದವರು ಮಾಗೋಡು, ಸಾತೊಡ್ಡಿ ಜಲಪಾತಗಳ ದಾರಿ ಕೇಳುತ್ತಾರೆ. ಉಳಿದವರು ಚಹಾ ಕುಡಿದು ಅರಬೈಲು ಘಟ್ಟ ಇಳಿದುಬಿಡುತ್ತಾರೆ. ಊರಿನ ಮೈದಾನ ನೋಡಲೆಂದು ಬರುವವರು ಯಾರೂ ಇಲ್ಲ. ನೋಡುವುದಾದರೆ ಮಳೆಗಾಲದ ಕೊನೆಯಲ್ಲಿ ನೋಡಬೇಕು. ಶಾಲೆಗಳ ತಾಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಈ ಪಂಚಾಂಗವನ್ನು ಬರೆದವರು ಬಯಲುಸೀಮೆಯವರೇ ಇರಬೇಕು! ಬೆಳಿಗ್ಗೆ ಹಾಕಿದ ಸುಣ್ಣದ ಗೆರೆ ಹತ್ತು ಗಂಟೆಯ ಮಳೆಗೆ ಹಾಲಿನಂತೆ ಹರಿದುಹೋಗುತ್ತದೆ. ದೈಹಿಕ ಶಿಕ್ಷಕರು ಮತ್ತೆ ಹಗ್ಗ, ಗೂಟ, ಸುಣ್ಣದ ಪುಟ್ಟಿ ಹಿಡಿದು ಹೊರಡುತ್ತಾರೆ.

ಆ ಗೆರೆ ಹಾಕುವುದೂ ಒಂದು ವಿದ್ಯೆ. ಓಟದ ಒಂದು ಅಂಕಣದ ಅಗಲ 1.22 ಮೀಟರ್. ಹೊರಗಿನ ಅಂಕಣದವನ ಸುತ್ತು ದೊಡ್ಡದಾಗುವುದರಿಂದ ಅವನನ್ನು ಅಷ್ಟು ಮುಂದೆ ನಿಲ್ಲಿಸಬೇಕು. ಒಂದು ಪೂರ್ತಿ ಸುತ್ತಿಗೆ ಅಂಕಣದಿಂದ ಅಂಕಣಕ್ಕೆ ಸುಮಾರು ಏಳೂವರೆ ಮೀಟರ್. ಮೈದಾನ 400 ಮೀಟರಿನದಿರಲಿ, ಕಾಡು ಕಡಿದು ಮಾಡಿದ 200 ಮೀಟರಿನದಿರಲಿ, ಈ ಅಂತರ ಅಷ್ಟೇ. ಇದನ್ನು ತಿಳಿಯದವನು ಗೆರೆ ಹಾಕಿದರೆ ಒಳಗಿನ ಅಂಕಣದ ಹುಡುಗ ಗೆದ್ದು, ಹೊರಗಿನವನು ಯಾಕೆ ಸೋತೆನೆಂದು ತಿಳಿಯದೆ ಮನೆಗೆ ಹೋಗುತ್ತಾನೆ. ಕಬಡ್ಡಿಗೆ 11 ತಂಡ ಬಂದರೆ ಐದು ತಂಡಗಳಿಗೆ ಮೊದಲ ಸುತ್ತಿನಲ್ಲಿ ಬೈ ಕೊಟ್ಟು, ಹತ್ತೇ ಪಂದ್ಯಗಳಲ್ಲಿ ಕತ್ತಲಾಗುವುದರೊಳಗೆ ಮುಗಿಸಬೇಕು. ದೂರದ ಹಳ್ಳಿಯ ಮಕ್ಕಳಿಗೆ ಕೊನೆಯ ಬಸ್ಸು ಸಿಗಬೇಕಲ್ಲ.

ಈ ವಿದ್ಯೆಗೆ ನಮ್ಮ ದೇಶದಲ್ಲಿ ನೂರು ವರ್ಷದ ಇತಿಹಾಸವಿದೆ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದರು. ಈ ಕಡೆಯ ಹುಡುಗ ಹುಡುಗಿಯರು ಇದನ್ನು ಓದಲು ಸಾಮಾನ್ಯವಾಗಿ ಧಾರವಾಡದ ಹಾದಿ ಹಿಡಿಯುತ್ತಾರೆ. ಒಂದು ಕಾಲಕ್ಕೆ ಒಂದೇ ವರ್ಷದ್ದಾಗಿದ್ದ ಬಿ.ಪಿ.ಎಡ್. 2014ರ ನಿಯಮಗಳ ನಂತರ ಎರಡು ವರ್ಷದ್ದಾಯಿತು. ಅದರ ಮೇಲೆ ಎರಡು ವರ್ಷದ ಎಂ.ಪಿ.ಎಡ್. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕಾದರೆ ಯು.ಜಿ.ಸಿ.ಯ ಪರೀಕ್ಷೆಯಷ್ಟೇ ಸಾಲದು, ಓಡಿಯೂ ತೋರಿಸಬೇಕು: ಮೂವತ್ತರೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್. ಇತಿಹಾಸದ ಅಧ್ಯಾಪಕರಿಗೆ ಈ ಶಿಕ್ಷೆ ಇಲ್ಲ.

ಓಟದ ಮಾತು ಬಂದರೆ ಯಲ್ಲಾಪುರದಲ್ಲಿ ಸಿದ್ದಿಗಳ ಮಾತು ಬರಲೇಬೇಕು. ಶತಮಾನಗಳ ಹಿಂದೆ ಪೂರ್ವ ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿ ಈ ತಾಲೂಕಿನಲ್ಲೂ ಹಳಿಯಾಳ, ಮುಂಡಗೋಡ, ಅಂಕೋಲೆಗಳಲ್ಲೂ ಇದೆ. ಮನೆಯಲ್ಲಿ ಕೊಂಕಣಿ, ಊರಲ್ಲಿ ಕನ್ನಡ ಆಡುವ ಇವರು ಹಿಂದೂ, ಕ್ರೈಸ್ತ, ಮುಸಲ್ಮಾನ ಮೂರೂ ಧರ್ಮಗಳಲ್ಲಿದ್ದಾರೆ. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ದೂರದ ಕ್ರೀಡಾ ವಸತಿಗಳಿಗೆ ಕರೆದೊಯ್ದಿತು. ಆಫ್ರಿಕದ ರಕ್ತವೆಂದಮೇಲೆ ಒಲಿಂಪಿಕ್ ಪದಕ ಖಚಿತ ಎಂಬ ಲೆಕ್ಕ. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು, ಕೆಲವರಿಗೆ ರೈಲ್ವೆಯಲ್ಲಿ ನೌಕರಿಯಾಯಿತು. 1993ರಲ್ಲಿ ಸಿದ್ದಿಗಳ ಯೋಜನೆ ನಿಂತಿತು. ಹಲವರು ಮರಳಿ ಕೂಲಿಗೆ, ತೋಟದ ಕೆಲಸಕ್ಕೆ ಬಂದರು.

ನನಗೆ ಕಾಣುವಂತೆ ತಪ್ಪಿದ್ದು ರಕ್ತದ ಲೆಕ್ಕ ಒಂದೇ ಅಲ್ಲ. ಓಡುವವರನ್ನು ಊರಿನಿಂದ ಎತ್ತಿಕೊಂಡು ಹೋದರು; ಊರಿನಲ್ಲಿ ಉಳಿದು ಓಡಿಸುವವರನ್ನು ತಯಾರು ಮಾಡಲಿಲ್ಲ. ಆರಿಸಿಹೋದ ಹುಡುಗನ ತಮ್ಮ, ಆರಿಸದೆ ಬಿಟ್ಟ ಅವನ ಗೆಳತಿ, ಓಟ ಬಾರದ ಹವ್ಯಕರ ಮಾಣಿ, ಗೌಳಿಗರ ಹುಡುಗಿ, ಇವರು ಸಂಜೆ ಯಾರ ಸೀಟಿಗೆ ಮೈದಾನಕ್ಕೆ ಬರಬೇಕು?

ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಗಂಭೀರವಾಗಿ ಕೇಳಿದವರು ಅಲ್ಲಿನ ಕರಿಯರೇ ಎಂಬುದು ಇಲ್ಲಿ ನೆನೆಯುವಂಥದ್ದು. ಅವರನ್ನು ಬಿಳಿಯರ ಕಾಲೇಜುಗಳಿಂದ ದೂರವಿಟ್ಟಿದ್ದ ಕಾಲವದು. ವಿಲಿಯಂ ವಾಸನ್ ಎಂಬ ಅಧ್ಯಾಪಕರು 1950ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಡಿಲಾರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಸಭೆ ಕರೆದರು. ಕರಿಯರ 11 ಕಾಲೇಜುಗಳಿಂದ ಸ್ತ್ರೀ ಪುರುಷರು ಬಂದರು. ಕಾಲೇಜಿನ ಚಾಂಪಿಯನ್ ತಂಡದ ಗೊಡವೆ ಅವರದಾಗಿರಲಿಲ್ಲ. ತರಗತಿ ತರಗತಿಗಳ ನಡುವೆ, ಎಲ್ಲ ಸಾಮಾನ್ಯ ವಿದ್ಯಾರ್ಥಿಗಳೂ ಆಡುವ ಆಟ ಅವರ ಕಾಳಜಿ. ಈಗ ಅಲ್ಲಿ ಅದೇ ಒಂದು ವೃತ್ತಿ. ಎಷ್ಟೋ ಕಡೆ ಸ್ನಾತಕೋತ್ತರ ಓದುವವರೇ ಸಹಾಯಕರಾಗಿ ಮೈದಾನ, ಈಜುಕೊಳ, ಅಂಪೈರ್‌ಗಳ ಪಾಳಿ ಎಲ್ಲ ನೋಡಿಕೊಳ್ಳುತ್ತಾರೆ. ಪ್ರತಿಯಾಗಿ ಶುಲ್ಕದಲ್ಲಿ ವಿನಾಯಿತಿ, ತಿಂಗಳಿಗಿಷ್ಟು ಹಣ. ಓದು ಮುಗಿಯುವಾಗ ಕೈಯಲ್ಲಿ ಪದವಿಯ ಜೊತೆ ಎರಡು ವರ್ಷದ ಅನುಭವ.

ನಮ್ಮ ಎಂ.ಪಿ.ಎಡ್. ವಿದ್ಯಾರ್ಥಿ ಸ್ನಾಯುಗಳ ಶಾಸ್ತ್ರ, ಮನಃಶಾಸ್ತ್ರ, ಸಂಶೋಧನಾ ವಿಧಾನ ಎಲ್ಲ ಓದುತ್ತಾನೆ. ಆದರೆ ಮೂರು ಭಾಷೆ ಆಡುವ ಮಕ್ಕಳನ್ನು ಒಂದು ತಂಡ ಮಾಡುವುದು, ಕೆಸರಿನಲ್ಲಿ ಎತ್ತರ ಜಿಗಿತಕ್ಕೆ ಜಾಗ ಹುಡುಕುವುದು, ಮಗಳನ್ನು ಜಿಲ್ಲಾಮಟ್ಟಕ್ಕೆ ಕಳಿಸಲು ಒಪ್ಪದ ತಾಯಿಯ ಮನೆಗೆ ಎರಡನೇ ಸಲ ಹೋಗುವುದು, ಇವು ಯಾವ ಪತ್ರಿಕೆಯಲ್ಲೂ ಇಲ್ಲ. ಧಾರವಾಡದ ಓದಿನ ನಡುವೆ ಅವನನ್ನು ಒಂದು ಮಳೆಗಾಲ ಇಲ್ಲಿಗೆ ಕಳಿಸಬಾರದೇಕೆ? ಸ್ಟೈಪೆಂಡು ಕೊಟ್ಟೇ ಕಳಿಸಬೇಕು. ಪುಕ್ಕಟೆ ದುಡಿಮೆ ಬೇಡ.

ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅಂದಮೇಲೆ ಬಿ.ಪಿ.ಎಡ್. ಸೀಟಿಗೂ ಮೀಸಲಾತಿಯ ಬಾಗಿಲು ತೆರೆದಿದೆ. ಆರಿಸಿಹೋದವರ ಪೀಳಿಗೆಯ ಮಕ್ಕಳಿಗೆ ಈಗ ಅಂಥ ಪದವಿಯ ವಯಸ್ಸು. ಅವರಲ್ಲೊಬ್ಬಳು ಕುತ್ತಿಗೆಗೆ ಸೀಟಿ ಹಾಕಿಕೊಂಡು ಮಂಚಿಕೇರಿಯದೋ ಇಡಗುಂದಿಯದೋ ಶಾಲೆಗೆ ಟೀಚರಾಗಿ ಬರಲಿ. ಮೊದಲ ಕೆಲಸ ಸುಣ್ಣ ತರಿಸುವುದು. ಸೆಪ್ಟೆಂಬರಿನಲ್ಲಾದರೆ ಎರಡು ಚೀಲ ಹೆಚ್ಚಿಗೆ.